ಐದನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡ ಪತ್ನಿಯನ್ನು ಆಪ್ತಸಮಾಲೋಚಕರ ಬಳಿ ಕರೆದೊಯ್ಯಬೇಕೇ?

ಐದನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ, ಮೂರು ತಿಂಗಳು ಕಳೆದರೂ ನಿಮ್ಮ ಪತ್ನಿ ಯಾರೊಡನೆಯೂ ಸರಿಯಾಗಿ ಮಾತನಾಡುತ್ತಿಲ್ಲ, ಮನೆಯ ಹಿರಿಯರು ‘ಇನ್ನೊಂದು ಮಗುವಾದರೆ ತಾನಾಗಿಯೇ ಸರಿಹೋಗುತ್ತಾಳೆ’ ಎನ್ನುತ್ತಿದ್ದಾರೆ, ಹೀಗಿರುವಾಗ ಆಪ್ತಸಮಾಲೋಚಕರು ಹೊಸದಾಗಿ ಏನು ಹೇಳಬಲ್ಲರು ಎಂದು ಕೇಳಿದ್ದೀರಿ. ಕರೆದುಕೊಂಡು ಹೋಗಿ ಎಂಬುದೇ ನನ್ನ ಉತ್ತರ. ಅವರು ಹೊಸದೇನನ್ನೂ ಹೇಳದಿರಬಹುದು. ಆದರೆ ನಿಮ್ಮ ಮನೆಯಲ್ಲಿ ಈಗ ಯಾರೂ ಕೇಳದಿರುವುದನ್ನು ಕೇಳುತ್ತಾರೆ.

2019ರಲ್ಲಿ, ಹತ್ತೊಂಬತ್ತನೇ ವಾರದಲ್ಲಿ, ನನಗೂ ಹೀಗೆಯೇ ಆಯಿತು. ಆಸ್ಪತ್ರೆಯಲ್ಲಿ ನನ್ನನ್ನು ಬಾಣಂತಿಯರ ವಾರ್ಡಿನಲ್ಲೇ ಮಲಗಿಸಿದ್ದರು. ರಾತ್ರಿಯಿಡೀ ಪರದೆಯಾಚೆ ಯಾರದೋ ಕೂಸು ಅಳುತ್ತಿತ್ತು. ಮನೆಗೆ ಬಂದ ಮೂರನೆಯ ದಿನ ಎದೆಯಲ್ಲಿ ಹಾಲು ಬಂತು. ಹೀಗಾಗಬಹುದೆಂದಾಗಲಿ, ಅದನ್ನು ನಿಲ್ಲಿಸಲು ಮಾತ್ರೆಯಿದೆಯೆಂದಾಗಲಿ ಯಾರೂ ಹೇಳಿರಲಿಲ್ಲ. ಅತ್ತೆ ಏನೂ ಮಾತನಾಡದೆ ಹಳೆಯ ಪಂಚೆಯೊಂದನ್ನು ಹರಿದು, ನಾಲ್ಕು ಪದರ ಮಡಿಸಿ, ನನ್ನ ಕೈಗಿತ್ತು ಹೋದರು. ಮನೆಗೆ ಬಂದವರೆಲ್ಲ ‘ಇನ್ನೂ ವಯಸ್ಸಿದೆ ಬಿಡು’ ಎಂದು ಹೇಳಿಹೋದ ಆ ದಿನಗಳಲ್ಲಿ, ನನಗೊಂದು ಮಗುವಿತ್ತೆಂದು ಒಪ್ಪಿಕೊಂಡವರು ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ.

ನಾನು ಸಮಾಲೋಚಕಿಯ ಬಳಿ ಹೋಗಲು ಏಳು ತಿಂಗಳು ತಡಮಾಡಿದೆ. ಮೊದಲ ದಿನ ಅವರು ಕೇಳಿದ್ದು, ‘ಮನೆಯಲ್ಲಿ ಮಗುವನ್ನು ಏನೆಂದು ಕರೆಯುತ್ತಿದ್ದಿರಿ?’ ಎಂದು. ‘ಗುಬ್ಬಿ’ ಎಂದೆ; ಮುಂದಿನ ಅರ್ಧ ಗಂಟೆ ನನ್ನಿಂದ ಅಳುವುದರ ಹೊರತು ಬೇರೇನೂ ಆಗಲಿಲ್ಲ. ಅನಂತರದ ವಾರಗಳಲ್ಲಿ ಆ ದಿನವನ್ನು ಬೆಳಗಿನ ಕಾಫಿಯಿಂದ ಹಿಡಿದು ಮತ್ತೆ ಮತ್ತೆ ಹೇಳಿಸಿದರು. ಮೂರನೆಯ ಸಲ ಹೇಳುವಾಗ, ಹಿಂದಿನ ಸಂಜೆ ತುಂಬಿದ ಬಕೆಟ್ಟನ್ನು ಮಹಡಿಗೆ ಹೊತ್ತೊಯ್ದಿದ್ದೆ ಎಂಬ, ಯಾರಿಗೂ ಹೇಳದ ಮಾತು ಬಾಯಿಗೆ ಬಂತು. ‘ನಿಮ್ಮ ತಪ್ಪಲ್ಲ’ ಎಂದು ಸಮಾಧಾನ ಹೇಳುವ ಬದಲು, ಇದನ್ನು ಪ್ರಸೂತಿ ವೈದ್ಯರನ್ನೇ ಕೇಳಿಬನ್ನಿ ಎಂದು ಕಳುಹಿಸಿದರು. ಗರ್ಭಕಂಠ ನೋವಿಲ್ಲದೆಯೇ ಮುಂಚಿತವಾಗಿ ತೆರೆದುಕೊಂಡಿತ್ತು, ಬಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ಗ್ರಹಣ ನೋಡಿದ್ದಲ್ಲ. ನಿಮ್ಮ ಪತ್ನಿಯ ಮನಸ್ಸಿನಲ್ಲೂ ಇಂಥದೊಂದು ಬಕೆಟ್ಟು ಇರಬಹುದು.

ನೀವೂ ಜೊತೆಗೆ ಹೋಗಿ ಕುಳಿತುಕೊಳ್ಳಿ. ನಮ್ಮವರಿಗೆ ಏನೂ ಅನ್ನಿಸಿಯೇ ಇಲ್ಲವೆಂದು ನಾನು ನಂಬಿದ್ದೆ. ನಾಲ್ಕನೆಯ ಭೇಟಿಗೆ ಬಂದಾಗ, ಗರ್ಭಿಣಿಯರಿಗೆಂದೇ ಇರುವ ಆ್ಯಪನ್ನು ತಮ್ಮ ಫೋನಿನಿಂದ ತೆಗೆದಿರಲಿಲ್ಲವೆಂದೂ, ‘ಈ ವಾರ ನಿಮ್ಮ ಮಗು ಬದನೆಕಾಯಿಯಷ್ಟಿದೆ’ ಎಂಬಂಥ ಸಂದೇಶಗಳನ್ನು ಹೆರಿಗೆಯ ದಿನಾಂಕದವರೆಗೂ ಸ್ನಾನದ ಮನೆಯಲ್ಲಿ ಓದುತ್ತಿದ್ದರೆಂದೂ ಹೇಳಿದರು. ಆಮೇಲೆ ಎರಡು ವರ್ಷ ಗರ್ಭವೇ ನಿಲ್ಲದೆ, ಮದುವೆಮನೆಗಳಲ್ಲಿ ‘ಏನಮ್ಮಾ, ವಿಶೇಷ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನಮ್ಮಿಬ್ಬರನ್ನು ಹಿಡಿದುಕೊಂಡದ್ದು ಆ ಒಂದು ಗಂಟೆಯ ಮಾತೇ. ಇನ್ನೊಂದು ಮಗು ಯಾವಾಗ ಎಂಬುದನ್ನು ಹಿರಿಯರೂ ಸಮಾಲೋಚಕರೂ ತೀರ್ಮಾನಿಸುವಂತಿಲ್ಲ.

ಎಲ್ಲಿಗೆ ಹೋಗಬೇಕೆಂದರೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೇ ಹುಡುಕಿ; ಫಲಕದ ಮೇಲೆ ‘ಕೌನ್ಸೆಲರ್’ ಎಂದು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಕಳೆದ ಏಳು ದಿನಗಳ ಮನಃಸ್ಥಿತಿಯ ಬಗ್ಗೆ 10 ಪ್ರಶ್ನೆಗಳಿರುವ, 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯನ್ನು ನಿಮ್ಮ ಪತ್ನಿಗೆ ಕೊಟ್ಟರೆ ಗಾಬರಿಯಾಗಬೇಡಿ. ಅದು ರೋಗನಿರ್ಣಯವಲ್ಲ, ಮುಂದೆ ಏನನ್ನು ವಿಚಾರಿಸಬೇಕೆಂದು ತಿಳಿಯುವ ದಾರಿ. ಆದರೆ ಅವರು ರಾತ್ರಿಗಟ್ಟಲೆ ನಿದ್ದೆ ಮಾಡದಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿವೆ ಎಂದರೆ, ಬದುಕುವುದು ಬೇಡವೆಂದು ಒಮ್ಮೆ ಅಂದರೂ, ಸಮಾಲೋಚನೆಯ ದಿನಾಂಕಕ್ಕಾಗಿ ಕಾಯದೆ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ.

‘ನಿನಗೆ ಹುಷಾರಿಲ್ಲ, ನಡೆ’ ಎಂದು ಮಾತ್ರ ಕರೆಯಬೇಡಿ. ‘ನನಗೂ ಆಗುತ್ತಿಲ್ಲ, ಇಬ್ಬರೂ ಹೋಗೋಣ’ ಎನ್ನಿ. ಹಾಗೆಯೇ ತಾಯಿ ಕಾರ್ಡು ಮತ್ತು ಸ್ಕ್ಯಾನ್ ಚಿತ್ರ ಎಲ್ಲಿವೆಯೆಂದು ಇಂದೇ ನೋಡಿ. ಕಣ್ಣಿಗೆ ಬಿದ್ದರೆ ನೋವೆಂದು ಹಿರಿಯರು ಇವುಗಳನ್ನು ಎಸೆದುಬಿಡುವುದುಂಟು. ನಮ್ಮ ಮನೆಯಲ್ಲಿ ಅವು ಬೀರುವಿನಲ್ಲಿ, ನನ್ನ ಧಾರೆ ಸೀರೆಯ ಕೆಳಗೆ, ಈಗಲೂ ಇವೆ.