ಇಬ್ಬರ ಭಾರ ಸೇರಿದರೆ ಇನ್ನೂ ಜೋರಾಗಿ ಬೀಳುವುದಿಲ್ವಾ?

ಪ್ರಶ್ನೆ: ದುಬೈನಲ್ಲಿ ಕೆಲಸ ಮಾಡುವ ನನ್ನ ಮಗಳು ಮುಂದಿನ ತಿಂಗಳು ಟ್ಯಾಂಡಮ್ ಸ್ಕೈಡೈವ್ ಮಾಡುತ್ತಾಳಂತೆ, ಅಂದರೆ ತರಬೇತುದಾರರ ಜೊತೆ ಬಿಗಿದುಕೊಂಡು ವಿಮಾನದಿಂದ ಜಿಗಿಯುವುದು. ಇಬ್ಬರ ಭಾರ ಸೇರಿದರೆ ಇನ್ನೂ ಜೋರಾಗಿ ಬೀಳುವುದಿಲ್ವಾ? ಆಮೇಲೆ ತಲೆಕೆಳಗಾಗಿ ಹಾರುವುದು, ರೆಕ್ಕೆಯಂಥ ಬಟ್ಟೆ ತೊಟ್ಟು ಹಾರುವ ವಿಂಗ್‌ಸೂಟ್ ಎಲ್ಲ ಕಲಿಯುತ್ತೇನೆ ಅನ್ನುತ್ತಾಳೆ. ವೇಗ ಹೆಚ್ಚಿದಷ್ಟೂ ಅಪಾಯ ಅಲ್ವಾ?

ಉತ್ತರ: ನಿಮ್ಮ ಊಹೆ ಸರಿ ಅಮ್ಮ, ಜೋರಾಗಿಯೇ ಬೀಳುತ್ತಾರೆ. ಅದಕ್ಕೇ ವಿಮಾನದಿಂದ ಹೊರಬಿದ್ದ ಕೂಡಲೇ ತರಬೇತುದಾರರು ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟ್ ಬಿಡುತ್ತಾರೆ. ಅದು ಹಿಂದಿನಿಂದ ಎಳೆದು ಹಿಡಿದು ವೇಗವನ್ನು ಗಂಟೆಗೆ ಸುಮಾರು 200 ಕಿ.ಮೀ.ಗೆ ತರುತ್ತದೆ. ಒಬ್ಬರೇ ಹೊಟ್ಟೆ ಕೆಳಗೆ ಮಾಡಿ ಬೀಳುವಾಗಲೂ ಹೆಚ್ಚುಕಡಿಮೆ ಇದೇ ವೇಗ.

ತಲೆಕೆಳಗಾದರೆ 250 ದಾಟುತ್ತದೆ. ಅಲ್ಲಿ ನನಗೆ ಭಯ ಆ 250ರದ್ದಲ್ಲ, ಜೊತೆಗಿರುವವರ ನಡುವಿನ ವ್ಯತ್ಯಾಸದ್ದು. ಒಬ್ಬರು ಹತೋಟಿ ತಪ್ಪಿ ಹೊಟ್ಟೆ ಕೆಳಗಾಗಿ ತಿರುಗಿಬಿಟ್ಟರೆ ಅವರ ವೇಗ ಥಟ್ಟನೆ 200ಕ್ಕೆ ಇಳಿಯುತ್ತದೆ. ಮೇಲಿರುವವರು ಮಾತ್ರ ಅದೇ ವೇಗದಲ್ಲಿ ಬರುತ್ತಿರುತ್ತಾರೆ. 50 ಕಿ.ಮೀ. ವ್ಯತ್ಯಾಸ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಪ್ಯಾರಾಚೂಟ್ ಬಿಚ್ಚುವ ಮೊದಲೂ ಹೊಟ್ಟೆ ಕೆಳಗೆ ಮಾಡಿ ಅಡ್ಡವಾಗಿ, ಕೆಲವು ಸೆಕೆಂಡ್ ಕಾದು, ವೇಗ ಇಳಿಸಲೇಬೇಕು. ಇಲ್ಲದಿದ್ದರೆ ಬಿಚ್ಚುವ ಹೊಡೆತಕ್ಕೆ ಕುತ್ತಿಗೆಗೇ ಪೆಟ್ಟಾಗಬಹುದು.

ವಿಂಗ್‌ಸೂಟ್‌ನದು ಉಲ್ಟಾ ಕತೆ. ಕೆಳಗಿಳಿಯುವ ವೇಗ ಎಷ್ಟೋ ಸಲ 100ಕ್ಕಿಂತ ಕಡಿಮೆ. ಹಾಗಂತ ಸುಮ್ನೆ ಸುರಕ್ಷಿತ ಅಂದುಕೊಳ್ಳಬೇಡಿ. ಕೈಕಾಲು ಬಟ್ಟೆಯೊಳಗೆ ಸಿಕ್ಕಿರುತ್ತವೆ, ಬಿಚ್ಚುವಾಗ ಹಗ್ಗಗಳು ಸುತ್ತಿಕೊಳ್ಳುವುದು ಜಾಸ್ತಿ. ಇನ್ನೊಂದು ವಿಷಯ: ಜಿಗಿಯುವವರು ಮೈಮರೆತರೆ ತಾನೇ ಮೀಸಲು ಪ್ಯಾರಾಚೂಟ್ ಬಿಚ್ಚುವ ಸಾಧನವೊಂದಿದೆ. ಅದರ ಸಾಮಾನ್ಯ ಮಾದರಿಗಳು ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲಿ, ಬೀಳುವ ವೇಗ 125 ಕಿ.ಮೀ. ದಾಟಿದ್ದರೆ ಮಾತ್ರ ಕೆಲಸ ಮಾಡುತ್ತವೆ. ವಿಂಗ್‌ಸೂಟ್‌ನಲ್ಲಿ ನಿಧಾನವಾಗಿ ಇಳಿಯುವವರಿಗೆ ಅದು ಕೈಕೊಡಬಹುದು. ಅಮೆರಿಕದ ಪ್ಯಾರಾಚೂಟ್ ಸಂಘ ವಿಂಗ್‌ಸೂಟ್‌ಗೆ ಮೊದಲು ಕನಿಷ್ಠ 200 ಜಿಗಿತ ಕೇಳುವುದು ಸುಮ್ಮನೆ ಅಲ್ಲ.

ಆದರೆ ಮಗಳು ಮುಂದೆ ಒಬ್ಬಳೇ ಜಿಗಿಯುವಂತಾದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: 'ನಿನ್ನ ಪ್ಯಾರಾಚೂಟ್ ಎಷ್ಟು ದೊಡ್ಡದು?' ಎಷ್ಟೋ ಸಾವುಗಳು ಸರಿಯಾಗಿ ಬಿಚ್ಚಿಕೊಂಡ ಪ್ಯಾರಾಚೂಟ್‌ನ ಕೆಳಗೇ ಆಗಿವೆ. ಚಿಕ್ಕ ಪ್ಯಾರಾಚೂಟ್ ವೇಗವಾಗಿ ಹಾರುತ್ತದೆ. ನೆಲದ ಹತ್ತಿರ ಜೋರಾಗಿ ತಿರುಗಿಸಿದರೆ ಸರಿಪಡಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಅದನ್ನು ಚಿಕ್ಕದು ಮಾಡಿಕೊಳ್ಳಲು ಅವಳು ಅವಸರ ಮಾಡದಿರಲಿ.

ಈ ಸಲ ಅವಳ ಕೆಲಸ ಸುಲಭ. ಇಳಿಯುವಾಗ ತರಬೇತುದಾರರು ಹೇಳಿದ ತಕ್ಷಣ ಎರಡೂ ಕಾಲು ಮೇಲೆತ್ತಿ ಹಿಡಿಯಬೇಕು. ಮನೆಯಲ್ಲೇ ಕುರ್ಚಿ ಮೇಲೆ ಕೂತು ನಾಲ್ಕು ಸಲ ಅಭ್ಯಾಸ ಮಾಡಲು ಹೇಳಿ.