ಕಾರವಾರದಲ್ಲಿ ಹುಣ್ಣಿಮೆಯ ಚಂದ್ರ: ಸಂಜೆಯಲ್ಲ, ಬೆಳಗಿನ ಜಾವ ಬನ್ನಿ

ನಮಸ್ಕಾರ. ಹುಣ್ಣಿಮೆಯ ಚಂದ್ರ ಕಾರವಾರದ ಕಡಲಿನಿಂದ ಮೇಲೇಳುವ ಚಿತ್ರ ತೆಗೆಯಲು ಎಷ್ಟು ಹೊತ್ತಿಗೆ ಬರಬೇಕು, ಜನವರಿಯ ಹುಣ್ಣಿಮೆಗೆ ಇಂಗ್ಲಿಷಿನಲ್ಲಿರುವ ‘ವುಲ್ಫ್ ಮೂನ್’ನಂಥ ಹೆಸರುಗಳು ನಮ್ಮಲ್ಲೂ ಇವೆಯೇ ಎಂದು ಕೇಳಿದ್ದೀರಿ.

ಸಂಜೆ ಬಂದರೆ ನಿಮಗೆ ನಿರಾಶೆಯಾದೀತು. ನಮ್ಮ ಕಡಲು ಪಡುವಣಕ್ಕಿದೆ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಆಸುಪಾಸಿನಲ್ಲಿ, ಮೂಡಣದ ಗುಡ್ಡಗಳ ಮೇಲೆ. ಕಡಲೂ ಚಂದ್ರನೂ ಒಟ್ಟಿಗೆ ಬೇಕೆಂದರೆ ಹುಣ್ಣಿಮೆಯ ದಿನ ಸೂರ್ಯೋದಯಕ್ಕೆ ಒಂದು ತಾಸು ಮೊದಲೇ ಟ್ಯಾಗೋರ್ ಕಡಲತೀರಕ್ಕೆ ಬನ್ನಿ. ಮುಳುಗಲು ಕಡಲಿನತ್ತ ಕೆಳಗಿಳಿದಂತೆಲ್ಲ ಚಂದ್ರ ಹಳದಿಯಿಂದ ಕಿತ್ತಳೆಗೆ ತಿರುಗುತ್ತಾನೆ. ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೂ ಅದೇ ಬಣ್ಣ ಉದ್ದಕ್ಕೆ ಹರಡುತ್ತದೆ. ಮರುದಿನಕ್ಕೆ ಮುಂದೂಡಬೇಡಿ. ಚಂದ್ರ ಮುಳುಗುವುದು ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಅಷ್ಟರಲ್ಲಿ ಬೆಳಕು ಹರಿದು ಅವನ ಕಳೆ ಇಳಿದಿರುತ್ತದೆ. ಹುಣ್ಣಿಮೆಯ ಹೊತ್ತಿಗೆ ಕಡಲಿನ ಏರಿಳಿತ ಹೆಚ್ಚು, ಟ್ರೈಪಾಡ್ ನೀರಂಚಿನಿಂದ ದೂರವಿರಲಿ.

ಇನ್ನು ಹೆಸರುಗಳಿಗೆ ನಮ್ಮಲ್ಲೇನು ಬರವೇ! ಪುಷ್ಯದಲ್ಲಿ ಬನದ ಹುಣ್ಣಿಮೆ, ಮಾಘದಲ್ಲಿ ಭಾರತ ಹುಣ್ಣಿಮೆ, ಚೈತ್ರದಲ್ಲಿ ದವನದ ಹುಣ್ಣಿಮೆ, ಜ್ಯೇಷ್ಠದಲ್ಲಿ ಕಾರ ಹುಣ್ಣಿಮೆ. ಜನವರಿಯ ವುಲ್ಫ್ ಮೂನ್ ಹೆಚ್ಚಾಗಿ ನಮ್ಮ ಬನದ ಹುಣ್ಣಿಮೆಯೇ ಆಗಿರುತ್ತದೆ. ಘಟ್ಟದ ಮೇಲೆ ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಯಲ್ಲಿ ತೆನೆ ಕಟ್ಟುವ ಪೈರಿಗೆ ಪೂಜೆ ಸಲ್ಲುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಶ್ರಾವಣದ ನೂಲು ಹುಣ್ಣಿಮೆ. ಅಂದು ಕರಾವಳಿಯ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಮೋಡದಿಂದಾಗಿ ಚಂದ್ರನ ಚಿತ್ರ ಸಿಗುವುದು ಅನುಮಾನ, ಆದರೂ ಆ ಪೂಜೆ ನೋಡಲು ಒಮ್ಮೆ ಖಂಡಿತ ಬನ್ನಿ.