ಊರಿನ ಕಲಾಸಂಘ ಪಂಚಾಯಿತಿ ಜೊತೆ ಸೇರಿ ಕೆಲಸ ಮಾಡೋದು ಹೇಗೆ?

ನಿಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ, ಡೊಳ್ಳು ಮತ್ತು ನಾಟಕದ ಸಂಘ. ಪಂಚಾಯಿತಿಯವರು ದುಡ್ಡಿಲ್ಲ ಅಂತಾರೆ, ಮುಂದೇನು ಅಂತ ಕೇಳಿದ್ದೀರಿ.

ಮೊದಲು ದುಡ್ಡು ಕೇಳೋದನ್ನು ಬಿಡಿ. ಅವರ ಹತ್ತಿರ ಇರೋದನ್ನು ಕೇಳಿ: ಸಮುದಾಯ ಭವನದ ಬೀಗದ ಕೈ, ಕರೆಂಟು, ನೀರು. ನಮ್ಮ ಮಳೆಗಾಲದಲ್ಲಿ ಬಯಲಲ್ಲಿ ತಾಲೀಮು ಆಗೋ ಮಾತಲ್ಲ. ಡೊಳ್ಳಿನ ಚರ್ಮ ಥಂಡಿ ಹಿಡಿದರೆ ನಾದವೇ ಕೂತುಬಿಡುತ್ತೆ. ಒಂದು ಒಣ ಕೋಣೆ ಸಿಕ್ಕರೆ ಅದೇ ದೊಡ್ಡ ಅನುದಾನ. ಆದರೆ ಬಾಯಿಮಾತು ನಂಬಬೇಡಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ಇಟ್ಟುಕೊಳ್ಳಿ. ಅಧ್ಯಕ್ಷರು ಬದಲಾಗ್ತಾರೆ, ಪಿಡಿಓಗೆ ವರ್ಗ ಆಗುತ್ತೆ, ಕಾಗದ ಉಳಿಯುತ್ತೆ.

ಹಣಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಶಿವಮೊಗ್ಗ ಕಚೇರಿಯಲ್ಲಿ ವಿಚಾರಿಸಿ. ಸಂಘದ ನೋಂದಣಿ, ಲೆಕ್ಕಪತ್ರ ಸರಿಯಿರಲಿ.

ಜೊತೆಯಾಗಿ ಮಾಡಲು ನನಗೆ ಇಷ್ಟವಾದ ಕೆಲಸ ಅಂದರೆ ಅಂಗನವಾಡಿ ಗೋಡೆಗೆ ಹಸೆ ಚಿತ್ತಾರ (ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಗೋಡೆಚಿತ್ರ) ಬರೆಸೋದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಪುಂಡಿನಾರಿನ ಕುಂಚ, ಕೂದಲೆಳೆಯಂಥ ಗೆರೆ. ಬರೆಯುವ ದೀವರ ಹೆಣ್ಣುಮಕ್ಕಳಿಗೆ ದಿನದ ಕೂಲಿ ಲೆಕ್ಕ ಹಾಕಿ ಕೊಡಿಸಿ; ಶಾಲು, ಹಾರದಲ್ಲಿ ಮುಗಿಸೋ ಚಾಳಿ ನಮ್ಮಲ್ಲಿ ಜಾಸ್ತಿ!

ಚಿಕ್ಕ ಸಂಘ ಅಂತ ಹಿಂಜರಿಯಬೇಡಿ. ಪಕ್ಕದ ಹೆಗ್ಗೋಡಿನ ಹೆಸರಾಂತ ರಂಗಸಂಸ್ಥೆ ನೀನಾಸಂ 1949ರಲ್ಲಿ ಹಳ್ಳಿಯ ಹವ್ಯಾಸಿ ನಾಟಕ ತಂಡವಾಗಿಯೇ ಶುರುವಾದದ್ದು. ಅದರ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ಶಿವಮೊಗ್ಗ ಮಹಾನಗರ ಪಾಲಿಕೆ ದಸರಾ ನಡೆಸುತ್ತಲ್ಲ, ಅಲ್ಲಿ ಕುಣಿಯೋ ಆಸೆಯಿದ್ದರೆ ಮಳೆಗಾಲದಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.